ವಿಮಾನದಲ್ಲಿ ಹೃದಯರಕ್ಷಣೆ: ಒಂದು ಪೆಟ್ಟಿಗೆಯ ಚರಿತ್ರೆ

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಇತಿಹಾಸದ ಲೇಖನವೆಂದರೆ ಬನವಾಸಿಯ ಕದಂಬರಿಂದಲೋ ಬಾದಾಮಿಯ ಚಾಲುಕ್ಯರಿಂದಲೋ ಪ್ರಾರಂಭವಾಗುವುದು ವಾಡಿಕೆ. ಆ ವಾಡಿಕೆಯ ವಿಷಯದಲ್ಲಿ ನಮಗೆ ಸಂಪೂರ್ಣ ಗೌರವವಿದೆ. ಆದರೆ ಇತಿಹಾಸವೆಂಬುದು ಅರಸುಮನೆತನಗಳಿಗೆ ಮಾತ್ರ ಸೇರಿದ ಆಸ್ತಿಯಲ್ಲ. ನಾವು ದಿನಾಲು ಬಳಸುವ ವಸ್ತುಗಳಿಗೂ, ಬಳಸದೆ ಗೋಡೆಗೆ ತೂಗುಹಾಕಿದ ವಸ್ತುಗಳಿಗೂ ಅವುಗಳದೇ ಆದ ಇತಿಹಾಸವಿರುತ್ತದೆ. ಈ ವರ್ಷ ಅಂಥದೊಂದು ವಸ್ತುವಿನ, ಎಂದರೆ ನಿಂತ ಹೃದಯವನ್ನು ಪುನಃ ನಡೆಯಿಸುವ ಒಂದು ಸಣ್ಣ ಪೆಟ್ಟಿಗೆಯ, ಚರಿತ್ರೆಯನ್ನು ವಾಚಕರ ಮುಂದಿಡಲು ಯತ್ನಿಸುವೆವು. ಶಸ್ತ್ರಕ್ರಿಯೆಯ ಕೋಣೆಯಿಂದ ಹೊರಟ ಆ ಪೆಟ್ಟಿಗೆ ಮೋಟಾರನ್ನೇರಿ, ಕಡೆಗೆ ಪ್ರಯಾಣಿಕರ ವಿಮಾನವನ್ನು ಹೇಗೆ ಹತ್ತಿತು ಎಂಬುದೇ ನಮ್ಮ ವಿಷಯ. ನಾವು ವೈದ್ಯರಲ್ಲ, ಬ್ಯಾಂಕಿನ ಮೇಜಿನ ಮುಂದೆ ಕುಳಿತು ಅಂಕಿಗಳನ್ನು ತಾಳೆ ನೋಡುವುದು ನಮ್ಮ ಕಸುಬು. ಆದುದರಿಂದ ಇಲ್ಲಿ ಇಸವಿಗಳೂ ಅಂಕಿಗಳೂ ತುಸು ಹೆಚ್ಚಾಗಿ ಬಂದರೆ ವಾಚಕರು ಮನ್ನಿಸಬೇಕು.

ಪುಣೆಯ ಕನ್ನಡಿಗರಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ನಮ್ಮ ಮನೆಗಳಲ್ಲಿಯೇ ಇದೆ. ನಮ್ಮಲ್ಲಿ ಬಹುಮಂದಿಗೆ ತಂದೆತಾಯಿಗಳು ಧಾರವಾಡದಲ್ಲೋ ವಿಜಯಪುರದಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಮಕ್ಕಳು ಕಡಲಾಚೆ ಇದ್ದಾರೆ. ನಾವು ನಡುವೆ ಇಲ್ಲಿ ಇದ್ದೇವೆ. ಹಿಂದಿನವರು ರಾತ್ರಿಯ ಬಸ್ಸಿನಲ್ಲಿ, ಇಲ್ಲವೆ ರೈಲಿನಲ್ಲಿ, ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಂದಿಳಿಯುತ್ತಿದ್ದರು. ಈಗ ಅದೇ ಹಿರಿಯರು ಲೋಹೆಗಾಂವದಲ್ಲಿ ವಿಮಾನದಿಂದ ಇಳಿಯುತ್ತಾರೆ. ಪಂಢರಪುರದಿಂದಾಚೆ ಹೋಗದಿದ್ದ ಅಜ್ಜಿಯು ಮೊಮ್ಮಗಳ ಬಾಣಂತನಕ್ಕೆಂದು ಅಮೇರಿಕೆಗೆ ಹೋಗಿಬರುತ್ತಾಳೆ. ಹೊರನಾಡಿನ ಕುಟುಂಬಗಳಷ್ಟು ತಮ್ಮ ಮುದುಕರನ್ನು ಆಕಾಶಮಾರ್ಗದಲ್ಲಿ ಕಳಿಸಿಕೊಡುವವರೂ, ಬರಮಾಡಿಕೊಳ್ಳುವವರೂ ಮತ್ತಾರೂ ಇರಲಿಕ್ಕಿಲ್ಲ. ಆ ಮಾರ್ಗದ ನಡುವೆ ಹೃದಯವು ನಿಂತರೆ ಗತಿಯೇನು ಎಂಬ ಪ್ರಶ್ನೆ ಆದುದರಿಂದ ನಮ್ಮ ಪ್ರಶ್ನೆಯೇ ಆಗಿದೆ.

ಭಾರತದ ವಿಮಾನಯಾನದ ಮೊದಲ ಪುಟದಲ್ಲಿಯೇ ಕನ್ನಡ ನಾಡಿನ ಹೆಸರಿದೆ. 1932ರ ಅಕ್ಟೋಬರ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ವಿಮಾನವನ್ನು ನಡೆಸಿ ತಂದರು. ಅಲ್ಲಿಂದ ಮದ್ರಾಸಿಗೆ ಅದನ್ನು ಒಯ್ದ ನೆವಿಲ್ ವಿನ್ಸೆಂಟರು ಹಾದಿಯಲ್ಲಿ ಬಳ್ಳಾರಿಯಲ್ಲಿ ಇಳಿದರು. ಆ ವಿಮಾನ ಹೊತ್ತದ್ದು ಕಾಗದಪತ್ರಗಳನ್ನು. ಕಾಗದಕ್ಕೆ ಎದೆನೋವು ಬರುವುದಿಲ್ಲ. ಮನುಷ್ಯರನ್ನು ಹೊರಲು ತೊಡಗಿದ ಮೇಲೆ ಮಾತ್ರ ಕಾಯಿಲೆಯ ಚಿಂತೆ ಹುಟ್ಟಿತು. 1930ರಲ್ಲಿ ಅಮೇರಿಕೆಯ ಒಂದು ಕಂಪನಿಯು ಜಗತ್ತಿನ ಮೊದಲ ಗಗನಸಖಿಯರನ್ನು ನೇಮಿಸಿಕೊಂಡಾಗ ಎಲೆನ್ ಚರ್ಚ್ ಮೊದಲಾದ ಆ 8 ಮಂದಿಯೂ ತರಬೇತಿ ಹೊಂದಿದ ದಾದಿಯರಾಗಿದ್ದರೆಂಬುದು ಇಂದು ಬಹಳ ಜನಕ್ಕೆ ತಿಳಿಯದು. ಎರಡನೆಯ ಮಹಾಯುದ್ಧಕ್ಕೆ ದಾದಿಯರು ಬೇಕಾದಾಗ ಆ ನಿಯಮ ಬಿದ್ದುಹೋಯಿತು. ಅಂದಿನಿಂದ ಮುಂದೆ ಅರ್ಧ ಶತಮಾನದವರೆಗೆ ವಿಮಾನದಲ್ಲಿ ಹೃದಯ ನಿಂತವರಿಗೆ ದೊರೆಯುತ್ತಿದ್ದುದು ಪ್ರಾಣವಾಯುವಿನ ಸೀಸೆ, ಮತ್ತು ಅದೃಷ್ಟವಿದ್ದರೆ ಅದೇ ವಿಮಾನದಲ್ಲಿ ಕುಳಿತ ಒಬ್ಬ ಡಾಕ್ಟರರ ಎರಡು ಕೈಗಳು, ಅಷ್ಟೇ.

ಮುಂದೆ ಹೋಗುವ ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಹೃದಯಾಘಾತವೇ ಬೇರೆ, ಹೃದಯಸ್ತಂಭನವೇ ಬೇರೆ. ಹೃದಯಕ್ಕೆ ರಕ್ತವನ್ನೊಯ್ಯುವ ನಾಳದಲ್ಲಿ ತಡೆಯುಂಟಾದರೆ ಅದು ಆಘಾತ. ಆಗ ಮನುಷ್ಯನಿಗೆ ಎಚ್ಚರವಿರಬಹುದು, ನೋವನ್ನು ಹೇಳಬಹುದು. ಹೃದಯವು ರಕ್ತವನ್ನು ನೂಕುವುದನ್ನೇ ನಿಲ್ಲಿಸಿದರೆ ಅದು ಸ್ತಂಭನ. ಆಗ ಮನುಷ್ಯ ಕ್ಷಣಮಾತ್ರದಲ್ಲಿ ಕುಸಿಯುತ್ತಾನೆ. ಅನೇಕ ಸಲ ಈ ಸ್ತಂಭನದ ಪ್ರಾರಂಭದಲ್ಲಿ ಹೃದಯವು ನಿಶ್ಚಲವಾಗಿರುವುದಿಲ್ಲ. ಅದು ತರತರ ನಡುಗುತ್ತಿರುತ್ತದೆ. ಜಾತ್ರೆಯ ತೇರನ್ನು ನೆನೆಯಿರಿ. ನೂರು ಜನ ಒಂದೇ ಕೂಗಿಗೆ ಹಗ್ಗವನ್ನೆಳೆದರೆ ತೇರು ಸಾಗುತ್ತದೆ. ಅದೇ ನೂರು ಜನ ತಮತಮಗೆ ತಿಳಿದಂತೆ ಎಳೆಯತೊಡಗಿದರೆ ಬೆವರು ಸುರಿಯುತ್ತದೆ, ಗದ್ದಲವಾಗುತ್ತದೆ, ತೇರು ಮಾತ್ರ ಒಂದಂಗುಲವೂ ಕದಲುವುದಿಲ್ಲ. ನಡುಗುವ ಹೃದಯದ ಸ್ನಾಯುಗಳ ಸ್ಥಿತಿ ಇದೇ. ಆಗ ಎದೆಯ ಮೂಲಕ ವಿದ್ಯುತ್ತಿನ ಒಂದು ಬಲವಾದ ಹೊಡೆತವನ್ನು ಹಾಯಿಸಿದರೆ ಎಲ್ಲರೂ ಒಮ್ಮೆಲೇ ಹಗ್ಗವನ್ನು ಕೈಬಿಟ್ಟಂತಾಗುತ್ತದೆ. ಆ ಮೌನದಲ್ಲಿ ಹೃದಯದ ಸಹಜವಾದ ಕೂಗು ಮತ್ತೆ ಕೇಳಿಬಂದು, ತೇರು ಮುಂದೆ ಸಾಗುವ ಸಂಭವವುಂಟು. ಈ ಹೊಡೆತವನ್ನು ಕೊಡುವ ಯಂತ್ರಕ್ಕೆ ಡಿಫಿಬ್ರಿಲೇಟರ್ ಎಂದು ಹೆಸರು. ಹೃದಯಕಂಪನ ನಿವಾರಕವೆಂದು ಕನ್ನಡದಲ್ಲಿ ಕರೆಯಬಹುದು.

ಇದರಲ್ಲಿ ಅತ್ಯಂತ ಮಹತ್ವದ್ದು ಕಾಲ. ಎದೆಯೊತ್ತುವವರೂ ಇಲ್ಲದೆ, ಯಂತ್ರವೂ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೆ ಬದುಕುವ ಸಂಭವವು ಶೇಕಡಾ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆಂದು ತಜ್ಞರ ಲೆಕ್ಕ. ಎಂದರೆ ಹತ್ತು ಹನ್ನೆರಡು ನಿಮಿಷಗಳಲ್ಲಿ ಖಾತೆ ಬರಿದಾಗುತ್ತದೆ. ನೆಲದ ಮೇಲಾದರೆ ಆಂಬುಲೆನ್ಸ್ ಬಂದೀತು ಎಂಬ ಆಸೆಯಾದರೂ ಇದೆ. ಹಾರುತ್ತಿರುವ ವಿಮಾನವು ಸಮೀಪದ ನಿಲ್ದಾಣವೊಂದಕ್ಕೆ ಇಳಿಯಬೇಕೆಂದರೂ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆದುದರಿಂದ ಔಷಧ ವಿಮಾನದೊಳಗೇ ಇರಬೇಕು, ಇಲ್ಲವೆ ಇಲ್ಲವೇ ಇಲ್ಲ.

ಈಗ ಪೆಟ್ಟಿಗೆಯ ಕಥೆಗೆ ಬರೋಣ. 1899ರಲ್ಲಿ ಜಿನೀವಾದ ಪ್ರೆವೋ ಮತ್ತು ಬಟೆಲ್ಲಿ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ಒಂದು ಆಶ್ಚರ್ಯವನ್ನು ಕಂಡರು. ಅಲ್ಪವಾದ ವಿದ್ಯುತ್ ಹೊಡೆತವು ಹೃದಯವನ್ನು ನಡುಗಿಸುತ್ತದೆ. ದೊಡ್ಡ ಹೊಡೆತವು ಅದೇ ನಡುಕವನ್ನು ನಿಲ್ಲಿಸುತ್ತದೆ! ವಿಷವೇ ವಿಷಕ್ಕೆ ಮದ್ದು ಎಂದಂತೆ. ಇದಾಗಿ ಮೂರು ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಜಗತ್ತಿನಲ್ಲೆಲ್ಲ ತಂತಿಗಳು ಹಬ್ಬಿದಂತೆ ಕಂಬವನ್ನೇರಿ ದುಡಿಯುವವರು ವಿದ್ಯುತ್ ತಗಲಿ ಸಾಯುವುದೂ ಹೆಚ್ಚಿತು. ಅಮೇರಿಕೆಯ ವಿದ್ಯುತ್ ಕಂಪನಿಗಳು ಈ ಸಾವುಗಳ ಕಾರಣವನ್ನು ಶೋಧಿಸಲು ಹಣ ಕೊಟ್ಟವು. ಹಾಗೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಈ ಕೆಲಸಕ್ಕೆ ತೊಡಗಿದ ವಿಲಿಯಂ ಕೌವೆನ್‌ಹೋವೆನ್ ಅವರು ಡಾಕ್ಟರರಲ್ಲ, ವಿದ್ಯುತ್ ಎಂಜಿನಿಯರರು. ಕಂಬವೇರುವ ಬಡ ಕೆಲಸಗಾರನ ಪ್ರಾಣದ ಚಿಂತೆಯಿಂದ ಹುಟ್ಟಿದ ವಿದ್ಯೆಯು ಮುಂದೆ ವಿಮಾನವೇರುವವರನ್ನೂ ಕಾಯ್ದಿತೆಂಬುದನ್ನು ನಾವು ಮರೆಯಬಾರದು.

1947ರಲ್ಲಿ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್ ಅವರು 14 ವರ್ಷದ ಹುಡುಗನೊಬ್ಬನಿಗೆ ಶಸ್ತ್ರಕ್ರಿಯೆ ಮಾಡುತ್ತಿದ್ದಾಗ ಅವನ ಹೃದಯವು ನಡುಗತೊಡಗಿತು. ತೆರೆದ ಎದೆಯೊಳಗೆ ಕೈಯಿಟ್ಟು ಬಹಳ ಹೊತ್ತು ಹೃದಯವನ್ನೊತ್ತಿ, ಕಡೆಗೆ ನೇರವಾಗಿ ಅದಕ್ಕೇ ವಿದ್ಯುತ್ತನ್ನು ಕೊಟ್ಟರು. ಹುಡುಗ ಬದುಕಿದ. ಮನುಷ್ಯನ ವಿಷಯದಲ್ಲಿ ಇದೇ ಮೊದಲ ಯಶಸ್ಸು. ಆದರೆ ಎದೆಯನ್ನು ಕೊಯ್ಯದೆ ಇದು ಸಾಧ್ಯವಿರಲಿಲ್ಲ. 1956ರಲ್ಲಿ ಬೋಸ್ಟನ್ನಿನ ಪಾಲ್ ಝೋಲ್ ಅವರು ಎದೆಯ ಮೇಲಿನಿಂದಲೇ ಹೊಡೆತವನ್ನು ಕೊಟ್ಟು ಗುಣವನ್ನು ತೋರಿಸಿದರು. 1960ರಲ್ಲಿ ಕೌವೆನ್‌ಹೋವೆನ್ ಮತ್ತು ಅವರ ಸಂಗಡಿಗರು, ಎರಡು ಅಂಗೈಗಳಿಂದ ಎದೆಯನ್ನು ಲಯಬದ್ಧವಾಗಿ ಒತ್ತಿ ರಕ್ತವನ್ನು ಹರಿಯಿಸುವ ಪದ್ಧತಿಯನ್ನು ಪ್ರಕಟಿಸಿದರು, ಇಂದು ಸಿ.ಪಿ.ಆರ್. ಎಂದು ಪ್ರಸಿದ್ಧವಾದದ್ದರ ತಿರುಳು ಇದೇ. ಅದಕ್ಕೆ ಉಪಕರಣ ಬೇಡ, ಕೈಗಳು ಸಾಕು. 1962ರ ಹೊತ್ತಿಗೆ ಬರ್ನಾರ್ಡ್ ಲೌನ್ ಅವರು ಏಕಮುಖ ವಿದ್ಯುತ್ತಿನ ಸುರಕ್ಷಿತವಾದ ಯಂತ್ರವನ್ನು ರೂಢಿಗೆ ತಂದರು. ಇದರಿಂದ ಯಂತ್ರವು ಗೋಡೆಯ ತಂತಿಯ ಹಂಗು ಹರಿದುಕೊಂಡು ಬ್ಯಾಟರಿಯ ಮೇಲೆ ನಡೆಯುವ ಹಾದಿ ತೆರೆಯಿತು.

ಆ ಹಾದಿಯಲ್ಲಿ ಮೊದಲು ನಡೆದವರು ಉತ್ತರ ಐರ್ಲೆಂಡಿನ ಬೆಲ್ಫಾಸ್ಟಿನ ಫ್ರಾಂಕ್ ಪ್ಯಾಂಟ್ರಿಜ್. ರೋಗಿಗಳು ಸಾಯುತ್ತಿರುವುದು ದವಾಖಾನೆಯ ಹಾಸಿಗೆಯಲ್ಲಲ್ಲ, ದವಾಖಾನೆಗೆ ಬರುವ ಹಾದಿಯಲ್ಲಿ ಎಂಬುದನ್ನು ಅವರು ಕಂಡುಕೊಂಡರು. ರೋಗಿ ಯಂತ್ರದ ಬಳಿ ಬರಲಾಗದಿದ್ದರೆ ಯಂತ್ರವೇ ರೋಗಿಯ ಬಳಿ ಹೋಗಬೇಕಲ್ಲವೆ? 1965ರಲ್ಲಿ ಅವರು ಮೋಟಾರಿನ ಬ್ಯಾಟರಿಗಳನ್ನು ಕಟ್ಟಿ ಆಂಬುಲೆನ್ಸಿನಲ್ಲಿಟ್ಟ ಯಂತ್ರದ ತೂಕ ಸುಮಾರು 70 ಕಿಲೋ. ಒಬ್ಬ ಆಳಿನ ತೂಕ! 1968ರ ಹೊತ್ತಿಗೆ ಅದನ್ನು ಸುಮಾರು 3 ಕಿಲೋಗೆ ಇಳಿಸಲಾಯಿತು. ತೂಕವಿಳಿದರೂ ಅದನ್ನು ಹಿಡಿಯುವವರು ಡಾಕ್ಟರರೇ ಆಗಬೇಕಿತ್ತು. ಹೃದಯದ ಅಲೆಗಳ ರೇಖೆಯನ್ನು ನೋಡಿ ಹೊಡೆತ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ವಿದ್ಯೆ ಸಾಮಾನ್ಯರಿಗೆ ಎಲ್ಲಿಯದು? 1970ರ ದಶಕದ ಕೊನೆಗೆ ಅಮೇರಿಕೆಯಲ್ಲಿ ಆ ತೀರ್ಮಾನವನ್ನೂ ಯಂತ್ರಕ್ಕೇ ಒಪ್ಪಿಸುವ ಯತ್ನ ನಡೆಯಿತು. ಎದೆಗೆ ಅಂಟಿಸಿದ ಪಟ್ಟಿಗಳ ಮೂಲಕ ಯಂತ್ರವೇ ಹೃದಯವನ್ನು ಪರೀಕ್ಷಿಸಿ, ನಡುಕವಿದ್ದರೆ ಮಾತ್ರ ಹೊಡೆತಕ್ಕೆ ಅನುಮತಿ ಕೊಡುತ್ತದೆ. ಮುಂದೇನು ಮಾಡಬೇಕೆಂದು ಬಾಯಿಬಿಟ್ಟು ಹೇಳುತ್ತದೆ. ಇದೇ ಇಂದಿನ ಸ್ವಯಂಚಾಲಿತ ಯಂತ್ರ, ಎ.ಇ.ಡಿ.

ಇದು ಎಷ್ಟು ಸುಲಭವೆಂಬುದಕ್ಕೆ ಒಂದು ನಿದರ್ಶನ ಸಾಕು. 1999ರಲ್ಲಿ ಅಮೇರಿಕೆಯ ಸಿಯಾಟಲಿನ ವೈದ್ಯರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಆ ಯಂತ್ರವನ್ನು ಎಂದೂ ಮುಟ್ಟದಿದ್ದ ಆರನೆಯ ತರಗತಿಯ ಮಕ್ಕಳ ಮುಂದೆ ಬೊಂಬೆಯನ್ನಿರಿಸಿ ಯಂತ್ರವನ್ನು ಕೊಡಲಾಯಿತು. ಮಕ್ಕಳಿಗೆ ಹೊಡೆತ ಕೊಡುವ ಹಂತಕ್ಕೆ ಬರಲು ಸರಾಸರಿ 90 ಸೆಕೆಂಡುಗಳು ಹಿಡಿದವು. ತರಬೇತಿ ಹೊಂದಿದ ಆಂಬುಲೆನ್ಸ್ ಸಿಬ್ಬಂದಿಗೆ 67 ಸೆಕೆಂಡುಗಳು. ವರ್ಷಗಟ್ಟಲೆ ಕಲಿತವರಿಗೂ ಏನೂ ಕಲಿಯದ ಮಕ್ಕಳಿಗೂ ಇದ್ದ ಅಂತರ 23 ಸೆಕೆಂಡುಗಳು ಮಾತ್ರ! ಶಸ್ತ್ರವೈದ್ಯರ ಕೈಯಿಂದ ಹೊರಟ ವಿದ್ಯೆ ಶಾಲೆಯ ಹುಡುಗನ ಕೈಗೆ ಬಂದು ತಲುಪಿತ್ತು. ಈ ಯಂತ್ರದ ಇತಿಹಾಸದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಇದೇ.

ಇಂಥ ಯಂತ್ರ ಸಿದ್ಧವಾದ ಮೇಲೆ ವಿಮಾನವೇರುವುದು ತಡವಾಗಲಿಲ್ಲ. ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯು ಬಹು ಮೊದಲಿಗರ ಸಾಲಿನಲ್ಲಿ ನಿಂತು, 1991ರಿಂದ ತನ್ನ ಅಂತಾರಾಷ್ಟ್ರೀಯ ವಿಮಾನಗಳಲ್ಲಿಯೂ ದೊಡ್ಡ ನಿಲ್ದಾಣಗಳಲ್ಲಿಯೂ ಇವನ್ನಿರಿಸಿ ಸಿಬ್ಬಂದಿಗೆ ತರಬೇತಿ ಕೊಟ್ಟಿತು. ಅದರ ಫಲಿತಾಂಶವನ್ನು 1997ರಲ್ಲಿ ಸಿಡ್ನಿಯ ಹೃದ್ರೋಗತಜ್ಞ ಮೈಕೇಲ್ ಓರೂರ್ಕ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. 64 ತಿಂಗಳುಗಳಲ್ಲಿ ಯಂತ್ರವನ್ನು 109 ಸಲ ಹೊರತೆಗೆಯಲಾಗಿತ್ತು. ಅದರಲ್ಲಿ 46 ಸಲ ಹೃದಯಸ್ತಂಭನವಾಗಿತ್ತು: 27 ವಿಮಾನಗಳಲ್ಲಿ, 19 ನಿಲ್ದಾಣಗಳಲ್ಲಿ.

ಇಲ್ಲಿ ವಾಚಕರು ಸ್ವಲ್ಪ ನಿಂತು, ಲೆಡ್ಜರಿನ ಎರಡು ಪುಟಗಳನ್ನು ಹೋಲಿಸಿದಂತೆ, ಈ ಎರಡು ಅಂಕಣಗಳನ್ನು ಹೋಲಿಸಬೇಕೆಂದು ಬೇಡುವೆವು. ನಿಲ್ದಾಣದಲ್ಲಿ ಕುಸಿದ 19 ಜನರನ್ನೂ ಕುಸಿಯುವಾಗಲೇ ಯಾರಾದರೊಬ್ಬರು ಕಂಡಿದ್ದರು. ಅವರಲ್ಲಿ 17 ಜನರ ಹೃದಯವು ಯಂತ್ರ ಬಂದಾಗ ಇನ್ನೂ ನಡುಗುತ್ತಿತ್ತು, ಎಂದರೆ ಹೊಡೆತಕ್ಕೆ ಅರ್ಹವಾಗಿತ್ತು. ವಿಮಾನದಲ್ಲಿಯ 27 ಜನರಲ್ಲಿ ಶೇಕಡಾ 41ರಷ್ಟು ಮಂದಿಯ ಹೃದಯ ನಿಂತದ್ದನ್ನು ಯಾರೂ ಕಾಣಲಿಲ್ಲ. 21 ಜನರ ಹೃದಯದಲ್ಲಿ ಹೊಡೆತದಿಂದ ಗುಣವಾಗುವಂಥ ನಡುಕ ಉಳಿದಿರಲಿಲ್ಲ. ನಿಲ್ದಾಣದಲ್ಲಿ ನಿಂತವನು ಬಿದ್ದರೆ ಸಪ್ಪಳವಾಗುತ್ತದೆ, ಜನ ಕೂಡುತ್ತಾರೆ. ವಿಮಾನದಲ್ಲಿ ಪಟ್ಟಿ ಕಟ್ಟಿ ಕುಳಿತವನು ಬೀಳುವುದಿಲ್ಲ. ದೀಪವಾರಿಸಿದ ಕತ್ತಲಲ್ಲಿ ತಲೆ ವಾಲಿಸಿ ಕುಳಿತವರನ್ನು ನೋಡಿ ಪಕ್ಕದವರು ನಿದ್ದೆಹೋಗಿದ್ದಾರೆಂದು ತಿಳಿಯುತ್ತಾರೆ. ನಡುಗುವ ಹೃದಯ ಕೆಲ ನಿಮಿಷಗಳಲ್ಲಿ ದಣಿದು ನಿಶ್ಚಲವಾಗುತ್ತದೆ. ಹಗ್ಗವೆಳೆಯುವವರೇ ಕುಸಿದುಬಿದ್ದ ಮೇಲೆ ಕೈಬಿಡಿರೆಂದು ಹೇಳುವುದರಿಂದ ಏನು ಪ್ರಯೋಜನ? ನಡುಕವಿದ್ದವರ ಪೈಕಿ ಕಡೆಗೆ ಬದುಕಿ ಮನೆ ಸೇರಿದವರು ವಿಮಾನದಲ್ಲಿ 6ರಲ್ಲಿ 2, ನಿಲ್ದಾಣದಲ್ಲಿ 17ರಲ್ಲಿ 4. ಇವರಿಗೆ ಯಂತ್ರ ಸೋಲಲಿಲ್ಲವೆಂಬುದನ್ನು ಅಂಕಿಗಳು ಹೇಳುತ್ತವೆ. ಸೋತದ್ದು ಬಹುಪಾಲು ಪಕ್ಕದ ಆಸನದ ಗಮನ.

1997ರಲ್ಲಿ ಅಮೇರಿಕನ್ ಏರ್‌ಲೈನ್ಸ್ ಇದೇ ಮಾರ್ಗವನ್ನು ಹಿಡಿಯಿತು. ಅದರ ಮೊದಲ ಎರಡು ವರ್ಷಗಳಲ್ಲಿ 200 ಜನರಿಗೆ ಯಂತ್ರವನ್ನು ಹಚ್ಚಲಾಯಿತು. ಹೃದಯದ ನಡುಕವು ದಾಖಲಾದ 14 ಜನರಿಗೆ ಮಾತ್ರ ಯಂತ್ರವು ಹೊಡೆತವನ್ನು ಸೂಚಿಸಿತು. ರೇಖೆ ದೊರೆತ ಉಳಿದವರಲ್ಲಿ ಒಬ್ಬರಿಗೂ ತಪ್ಪಿ ಸೂಚಿಸಲಿಲ್ಲ. ಹೊಡೆತ ಪಡೆದವರಲ್ಲಿ ಶೇಕಡಾ 40ರಷ್ಟು ಮಂದಿ ದವಾಖಾನೆಯಿಂದ ಮನೆಗೆ ಮರಳಿದರು. ಅಜ್ಞಾನಿಯ ಕೈಯಲ್ಲಿ ಯಂತ್ರವು ಆರೋಗ್ಯವಂತನನ್ನು ಕೊಂದೀತೆಂದು ಹೆದರುವವರಿಗೆ ಈ ಲೆಕ್ಕವೇ ಉತ್ತರ. 1998ರಲ್ಲಿ ಅಮೇರಿಕೆಯು ಇದಕ್ಕಾಗಿ ಶಾಸನವನ್ನು ಮಾಡಿತು. ಸಹಾಯಕ್ಕೆ ಮುಂದಾಗುವ ಪ್ರಯಾಣಿಕನಿಗೆ ಅದು ಕಾಯಿದೆಯ ರಕ್ಷಣೆಯನ್ನೂ ಇತ್ತಿತು. 2001ರ ನಿಯಮದ ಮೇರೆಗೆ 2004ರ ಏಪ್ರಿಲಿನಿಂದ ಅಲ್ಲಿಯ ಕಂಪನಿಗಳ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಈ ಪೆಟ್ಟಿಗೆ ಕಡ್ಡಾಯವಾಯಿತು. ಅಷ್ಟರಲ್ಲಿ ನೆಲದ ಮೇಲೆಯೂ ಹೊಸ ಪಾಠವೊಂದು ದೊರೆತಿತ್ತು. ಶಿಕಾಗೋ ನಗರದ ವಿಮಾನ ನಿಲ್ದಾಣಗಳಲ್ಲಿ 1999ರಿಂದ ಎರಡು ವರ್ಷಗಳಲ್ಲಿ ಹೃದಯವು ನಡುಗಿ ಬಿದ್ದ 18 ಜನರಲ್ಲಿ 11 ಜನರನ್ನು ಉಳಿಸಲಾಯಿತು. ಉಳಿಸಿದವರು ಯಾರು? ಹೆಚ್ಚಿನವರು ಕರ್ತವ್ಯಕ್ಕಾಗಿ ಅಲ್ಲಿದ್ದವರಲ್ಲ. ಗಂಟುಮೂಟೆ ಹಿಡಿದು ಹಾದುಹೋಗುತ್ತಿದ್ದ ದಾರಿಹೋಕರು.

ನಮ್ಮ ದೇಶದ ಆಕಾಶಕ್ಕೆ ಬರೋಣ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರಿನಿಂದ ಏರ್ ಡೆಕ್ಕನ್ನನ್ನು ಪ್ರಾರಂಭಿಸಿದಂದಿನಿಂದ ಅಲ್ಪ ದರದ ವಿಮಾನಗಳು ಹೆಚ್ಚಿದವು. 2019ರಲ್ಲಿ ಕಲಬುರಗಿಗೂ ವಿಮಾನ ಬಂದಿತು. ಅಗ್ಗದ ಟಿಕೀಟು ಮೊದಲಿನ ವ್ಯಾಪಾರಿಗಳ ಜೊತೆಗೆ ವೃದ್ಧರನ್ನೂ ರೋಗಿಗಳನ್ನೂ ವಿಮಾನಕ್ಕೆ ಹತ್ತಿಸಿತು. ವಿಮಾನದೊಳಗಿನ ಗಾಳಿಯ ಒತ್ತಡವು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ ಸುಮಾರು 6,300 ಅಡಿ. ಎಂದರೆ ಮೆಟ್ಟಿಲೇರಲು ಏದುಸಿರು ಬಿಡುವ ನಮ್ಮ ಹಿರಿಯರು ಕರ್ನಾಟಕದ ಅತ್ಯುನ್ನತ ಶಿಖರದ ಮೇಲೆ, ಕೆಲವೊಮ್ಮೆ ಅದಕ್ಕಿಂತ ಮೇಲೆ, ಗಂಟೆಗಟ್ಟಲೆ ಕುಳಿತಂತಾಯಿತು. ಬಹುಮಂದಿಗೆ ಇದರಿಂದ ತೊಂದರೆಯಿಲ್ಲ; ದುರ್ಬಲವಾದ ಹೃದಯಕ್ಕೆ ಮಾತ್ರ ಇದು ಹೊರೆಯೇ.

ಬೆಂಗಳೂರಿನ ಹೆಸರು ಬರುವ ಎರಡು ಪ್ರಯಾಣಗಳನ್ನು ಇಲ್ಲಿ ಉಲ್ಲೇಖಿಸಬೇಕು. ಮೊದಲನೆಯದು 2023ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದದ್ದು. ಇಂಗ್ಲೆಂಡಿನಿಂದ ಬೆಂಗಳೂರಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ 43 ವರ್ಷದ ಪ್ರಯಾಣಿಕರೊಬ್ಬರ ಹೃದಯ ಎರಡು ಸಲ ನಿಂತಿತು. ಬರ್ಮಿಂಗ್‌ಹ್ಯಾಮಿನ ದವಾಖಾನೆಯೊಂದರ ಯಕೃತ್ ತಜ್ಞರು, ಭಾರತೀಯ ಮೂಲದವರು, ತಮ್ಮ ತಾಯಿಯವರೊಂದಿಗೆ ಅದೇ ವಿಮಾನದಲ್ಲಿದ್ದರು. ವಿಮಾನದಲ್ಲಿ ಪ್ರಾಣವಾಯು, ಔಷಧಗಳ ಪೆಟ್ಟಿಗೆ ಮತ್ತು ಈ ಯಂತ್ರ ಇದ್ದವು. ರೋಗಿಯ ಸ್ಥಿತಿಯನ್ನು ನೋಡುತ್ತಿರಲು ಬೇಕಾದ ಉಳಿದ ಸಾಧನಗಳಿರಲಿಲ್ಲ. ಆಗ ಸಹಪ್ರಯಾಣಿಕರು ತಮ್ಮತಮ್ಮ ಚೀಲಗಳನ್ನು ಬಿಚ್ಚಿದರು. ಒಬ್ಬರಿಂದ ರಕ್ತದೊತ್ತಡದ ಯಂತ್ರ, ಇನ್ನೊಬ್ಬರಿಂದ ಸಕ್ಕರೆಯನ್ನಳೆಯುವ ಸಾಧನ, ಮತ್ತೊಬ್ಬರಿಂದ ಬೆರಳಿಗೆ ಹಾಕುವ ಪ್ರಾಣವಾಯುವಿನ ಮಾಪಕ, ಹೀಗೆ ಕೂಡಿಬಂದವು. ಸುಮಾರು ಐದು ಗಂಟೆಗಳ ಕಾಲ ಹೆಣಗಿ, ವಿಮಾನ ಮುಂಬಯಿಯಲ್ಲಿ ಇಳಿಯುವ ಹೊತ್ತಿಗೆ ಆ ಪ್ರಯಾಣಿಕರು ಮಾತನಾಡುವ ಸ್ಥಿತಿಗೆ ಬಂದಿದ್ದರು. ಮುಯ್ಯಿಗೆ ಎಲ್ಲರೂ ಕೈಗೂಡಿಸಿ ಒಬ್ಬರ ಹೊಲದ ಕೆಲಸವನ್ನು ಮುಗಿಸುವಂತೆ ಆ ವಿಮಾನದವರೆಲ್ಲ ಸೇರಿ ಒಂದು ಜೀವವನ್ನು ದಡ ಮುಟ್ಟಿಸಿದರು.

ಎರಡನೆಯದು 2023ರ ಆಗಸ್ಟ್ 27ರದು. ಬೆಂಗಳೂರಿನಿಂದ ದೆಹಲಿಗೆ ಹೊರಟ ವಿಸ್ತಾರಾ ವಿಮಾನದಲ್ಲಿ, ಹುಟ್ಟಿನಿಂದಲೇ ಹೃದ್ರೋಗವಿದ್ದು ಶಸ್ತ್ರಕ್ರಿಯೆಯಾಗಿದ್ದ ಒಂದು ಹೆಣ್ಣು ಕೂಸಿನ ನಾಡಿ ನಿಂತಿತು. ದೆಹಲಿಯ ಏಮ್ಸ್ ಸಂಸ್ಥೆಯ ಐವರು ವೈದ್ಯರು ಅದೃಷ್ಟವಶಾತ್ ಅದರಲ್ಲಿದ್ದರು. ಕೂಡಲೇ ಎದೆಯನ್ನೊತ್ತಿ ನಾಡಿಯನ್ನು ಮರಳಿ ತಂದರು. ಮತ್ತೆ ಹೃದಯ ನಿಂತಾಗ ಎ.ಇ.ಡಿ.ಯನ್ನು ಬಳಸಿದರು. 45 ನಿಮಿಷಗಳ ಹೋರಾಟದ ಬಳಿಕ ವಿಮಾನವನ್ನು ನಾಗಪುರದಲ್ಲಿಳಿಸಿ, ಜೀವಂತವಾಗಿ ಕೂಸನ್ನು ದವಾಖಾನೆಗೆ ಒಪ್ಪಿಸಲಾಯಿತು. ಆದರೆ ಕೆಲವೇ ದಿನಗಳಲ್ಲಿ ಅಲ್ಲಿ ಅದು ತೀರಿಕೊಂಡಿತು. ಮೊದಲ ಸುದ್ದಿಯು ದೊಡ್ಡಕ್ಷರಗಳಲ್ಲಿ ಅಚ್ಚಾದಷ್ಟು ಎರಡನೆಯದು ಆಗಲಿಲ್ಲ. ಲೆಕ್ಕ ಬರೆಯುವವರು ಜಮೆಯೊಂದಿಗೆ ಖರ್ಚನ್ನೂ ಬರೆಯಬೇಕು. ಆದುದರಿಂದ ನಾವು ಎರಡನ್ನೂ ಇಲ್ಲಿ ದಾಖಲಿಸಿದ್ದೇವೆ. ಯಂತ್ರವು ಆಯುಷ್ಯವನ್ನು ಕೊಡುವ ದೇವತೆಯಲ್ಲ. ಅದು ಕಾಲವನ್ನು ಮಾತ್ರ ಕೊಡುತ್ತದೆ. ತಂದೆತಾಯಿಗಳಿಗೆ ಆ ಕಾಲದ ಬೆಲೆ ಎಷ್ಟೆಂಬುದನ್ನು ಅಂಕಿಗಳಲ್ಲಿ ಬರೆಯಲಾಗದು.

ಹೃದಯದ ಮಾತು ಬಂದಾಗ ಯಾವ ಕನ್ನಡಿಗನಿಗೂ 2021ರ ಅಕ್ಟೋಬರ 29 ನೆನಪಾಗದೆ ಇರದು. ರಾಜ್ಯೋತ್ಸವಕ್ಕೆ ಮೂರು ದಿನವಿರುವಾಗ ನಟ ಪುನೀತ್ ರಾಜಕುಮಾರರು ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ಹೃದಯ ನಿಂತು ತೀರಿಕೊಂಡರು. ಮರುವರ್ಷ, 2022ರ ನವೆಂಬರ 1ರಂದು, ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನವನ್ನು ಅರ್ಪಿಸಲಾಯಿತು. ಮುಂದೆ ಕರ್ನಾಟಕ ಸರಕಾರವು ಅವರ ಹೆಸರಿನಲ್ಲಿಯೇ ಹೃದಯಜ್ಯೋತಿ ಯೋಜನೆಯನ್ನು ಹಮ್ಮಿಕೊಂಡು, ತಾಲೂಕು ಆಸ್ಪತ್ರೆಗಳಿಗೆ ಬಂದ ಹೃದಯಾಘಾತದ ರೋಗಿಗಳಿಗೆ ಜಯದೇವ ಸಂಸ್ಥೆಯ ತಜ್ಞರ ಸಲಹೆ ದೊರೆಯುವಂತೆಯೂ, ರಕ್ತದ ಹೆಪ್ಪನ್ನು ಕರಗಿಸುವ ಬೆಲೆಬಾಳುವ ಚುಚ್ಚುಮದ್ದು ಉಚಿತವಾಗಿ ಸಿಗುವಂತೆಯೂ ಏರ್ಪಾಡು ಮಾಡಿತು. ಜನ ಕೂಡುವ ಸ್ಥಳಗಳಲ್ಲಿ ಎ.ಇ.ಡಿ.ಗಳನ್ನಿರಿಸುವುದೂ ಆ ಯೋಜನೆಯ ಅಂಗವಾಗಿದೆ. ಅಪಘಾತದ ವೇಳೆ ನೆರವಿಗೆ ಬಂದವರಿಗೆ ಕಿರುಕುಳವಾಗದಂತೆ ರಕ್ಷಿಸುವ ಕಾಯಿದೆಯನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯವೂ ಕರ್ನಾಟಕವೇ. ಆ 2016ರ ಕಾಯಿದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕುಲದೈವದ ಹೆಸರಿನಲ್ಲಿ ಅರವಟ್ಟಿಗೆಯನ್ನಿಟ್ಟಂತೆ ಅಗಲಿದ ನಟನ ಹೆಸರಿನಲ್ಲಿ ಪ್ರಾಣದ ಅರವಟ್ಟಿಗೆಗಳನ್ನಿಡುವುದು ನಮ್ಮ ನಾಡಿನ ಸಂಸ್ಕೃತಿಗೆ ಒಪ್ಪುವಂಥದೇ.

ಇದನ್ನೆಲ್ಲ ಓದಿ ಯಾರೂ ವಿಮಾನವೆಂದರೆ ಹೆದರಬೇಕಾಗಿಲ್ಲ. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ವೈದ್ಯಕೀಯ ತುರ್ತು ಬರುವುದು 604 ಹಾರಾಟಗಳಿಗೆ ಒಂದರಂತೆ. ಅವುಗಳಲ್ಲಿ ಹೃದಯಸ್ತಂಭನದ ಪಾಲು ಶೇಕಡಾ 0.3 ಮಾತ್ರ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಗಮನಿಸಬೇಕು: ಪ್ರಯಾಣಿಕರ ನಡುವೆ ಇದ್ದ ಡಾಕ್ಟರರ ನೆರವು ದೊರೆತದ್ದು ಶೇಕಡಾ 48 ಪ್ರಸಂಗಗಳಲ್ಲಿ. ಉಳಿದ ಅರ್ಧಕ್ಕಿಂತ ಹೆಚ್ಚಿನ ಪ್ರಸಂಗಗಳಲ್ಲಿ ಡಾಕ್ಟರರು ಮುಂದೆ ಬಂದಿರಲಿಲ್ಲ. ಅಲ್ಲಿ ಇದ್ದವರು ದಾದಿಯರೋ ಸಿಬ್ಬಂದಿಯೋ ನಮ್ಮ ನಿಮ್ಮಂಥವರೋ ಆಗಿದ್ದರು.

ಹಾಗಾದರೆ ನಮ್ಮಂಥವರು ಮಾಡಬೇಕಾದುದೇನು? ಇದು ಬಹಳ ಸ್ವಲ್ಪ. ಪಕ್ಕದವರು ಅಲುಗಿಸಿದರೂ ಏಳದೆ, ಸರಿಯಾಗಿ ಉಸಿರಾಡದೆ ಇದ್ದರೆ ಸಂಕೋಚ ಬಿಟ್ಟು ಗಟ್ಟಿಯಾಗಿ ಸಿಬ್ಬಂದಿಯನ್ನು ಕೂಗಬೇಕು, ಎ.ಇ.ಡಿ. ಎಂಬ ಮೂರಕ್ಷರಗಳನ್ನು ಉಚ್ಚರಿಸಬೇಕು. ಆಸನದಲ್ಲಿ ಕುಳ್ಳಿರಿಸಿ ಎದೆಯೊತ್ತಲಾಗದು; ನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ನಡುವೆ ಅಂಗೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120 ಸಲ, ವಯಸ್ಕರಾದರೆ ಸುಮಾರು 5 ಸೆಂಟಿಮೀಟರು ತಗ್ಗುವಂತೆ ಒತ್ತುತ್ತಿರಬೇಕು. ಯಂತ್ರ ಬಂದೊಡನೆ ಬೆವರನ್ನೊರಸಿ ಬರಿಯ ಎದೆಗೆ ಪಟ್ಟಿಗಳನ್ನಂಟಿಸಿ, ಅದು ಹೇಳಿದಂತೆ ನಡೆಯಬೇಕು. ಮುಟ್ಟಬೇಡಿರೆಂದಾಗ ಎಲ್ಲರೂ ಕೈ ತೆಗೆಯಬೇಕು. ಹೊಡೆತದ ಬಳಿಕ ಮತ್ತೆ ಒತ್ತಲು ತೊಡಗಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಸಂಕೋಚದಿಂದ ತಡಮಾಡುವುದು ಸರಿಯಲ್ಲ. ನಾಲ್ವರು ಶಾಲನ್ನು ಮರೆಹಿಡಿದರೆ ಮಾನವೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ. ಇನ್ನು ಹಿರಿಯರನ್ನು ಕಳಿಸುವಾಗ ಅವರ ಮಾತ್ರೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಡುವುದೂ, ರೋಗದ ವಿವರವನ್ನು ಒಂದು ಚೀಟಿಯಲ್ಲಿ ಬರೆದಿಡುವುದೂ, ಇತ್ತೀಚೆಗೆ ಹೃದಯದ ತೊಂದರೆಯಾಗಿದ್ದರೆ ಡಾಕ್ಟರರನ್ನು ಕೇಳಿಯೇ ಟಿಕೀಟು ತೆಗೆಯುವುದೂ ವಿವೇಕ.

ಬ್ಯಾಂಕಿನ ಶಾಖೆಗಳಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರು ಗೋಡೆಗೆ ತೂಗುತ್ತಿರುತ್ತದೆ. ಅದು ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಅದರ ಪಿನ್ನನ್ನು ಎಳೆಯಲು ಬರುವವರು ಕೆಲವರೇ. ವಿಮಾನದ ಪೆಟ್ಟಿಗೆಗೂ ಈ ಗತಿ ಬರಬಾರದು. ಮುಂದಿನ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, ನಾಟಕಕ್ಕೂ ಊಟಕ್ಕೂ ನಡುವೆ, ಎರಡು ಗಂಟೆಯನ್ನು ತೆಗೆದಿರಿಸಿ, ಬಲ್ಲ ವೈದ್ಯರನ್ನು ಕರೆಯಿಸಿ, ಒಂದು ಬೊಂಬೆಯ ಮೇಲೆ ಎದೆಯೊತ್ತುವುದನ್ನೂ ಯಂತ್ರ ಹಚ್ಚುವುದನ್ನೂ ನಮ್ಮ ಸದಸ್ಯರಿಗೆ ಕಲಿಸಬೇಕೆಂದು ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ವಿನಂತಿ. ಆರನೆಯ ತರಗತಿಯ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡಿಸಿರಿ. ಅವರು ಬೇಗ ಕಲಿಯುತ್ತಾರೆಂಬುದಕ್ಕೆ ಸಿಯಾಟಲಿನ ಮಕ್ಕಳೇ ಸಾಕ್ಷಿ. ಪರಊರಿನಲ್ಲಿ ನೆರೆಯವರೇ ನೆಂಟರೆಂಬುದನ್ನು ಹೊರನಾಡಿನಲ್ಲಿ ಬಾಳುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ತಾಯಿ ಯಾವುದೋ ವಿಮಾನದಲ್ಲಿ ಯಾರದೋ ಪಕ್ಕದಲ್ಲಿ ಕುಳಿತಿರುತ್ತಾಳೆ; ನಮ್ಮ ಪಕ್ಕದಲ್ಲಿ ಯಾರದೋ ತಾಯಿ. ಅವರು ಸುಖವಾಗಿ ನಿದ್ರಿಸುತ್ತಿದ್ದಾರೆಯೆ ಎಂದು ಆಗಾಗ ಒಮ್ಮೆ ನೋಡುವುದು ನಮ್ಮಿಂದಾಗದ ಕೆಲಸವೇನೂ ಅಲ್ಲ.